ಎಐ ಬಳಸಲು ಇಂಗ್ಲಿಷೂ ಬೇಕಿಲ್ಲ, ಫೀಸೂ ಬೇಕಿಲ್ಲ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದ ಹೋಟೆಲಿನವರು, ಅಂಗಡಿಯವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ. ಎಐ ಬಳಸಲು ಇಂಗ್ಲಿಷ್ ಬರಬೇಕಂತೆ, ಕಂಪ್ಯೂಟರ್ ಇರಬೇಕಂತೆ, ಮೊದಲು ದುಡ್ಡು ಕಟ್ಟಿ ಕೋರ್ಸ್ ಮಾಡಲೇಬೇಕಂತೆ. ಮೂರೂ ಸುಳ್ಳು. ದಯವಿಟ್ಟು ಮುಂದೆ ಕಳಿಸಬೇಡಿ.

ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂತು. ಅದು, ಗೂಗಲ್‌ನ ಜೆಮಿನಿ, ಎರಡೂ ಮೊಬೈಲ್‌ನಲ್ಲೇ ಪುಕ್ಕಟೆ ಸಿಗುತ್ತವೆ, ಕನ್ನಡದಲ್ಲೇ ಕೇಳಬಹುದು. ಸ್ಟೇಷನ್ ಹತ್ತಿರದ ನಮ್ಮ ಪರಿಚಯದ ಹೋಟೆಲ್ ಮಾಲೀಕರು ಗಲ್ಲಾದಲ್ಲಿ ಕೂತೇ ಫೋನಿಗೆ ಹೇಳಿದರು, 'ಚೌತಿಗೆ ಎರಡು ದಿನ ರಜೆ, ಮರಾಠಿಯಲ್ಲಿ ಬೋರ್ಡ್ ಬರೆದುಕೊಡು.' ಬಂತು. ಕೆಲಸದ ಹುಡುಗನಿಂದ ಓದಿಸಿ, ಒಂದು ಪದ ತಿದ್ದಿ, ಬಾಗಿಲಿಗೆ ಅಂಟಿಸಿದರು. ಶುರು ಮಾಡಲು ಇಷ್ಟು ಸಾಕು, ಅಲ್ವಾ?

ಆದರೆ ಅದೇ ಸಂದೇಶದ ಕೊನೆಯ ಸಾಲು ಜಾಸ್ತಿ ಅಪಾಯದ್ದು: ಇನ್ನು ಲೆಕ್ಕ ನೋಡುವವರು ಬೇಡ, ಜಿಎಸ್‌ಟಿಯನ್ನೂ ಎಐ ನೋಡಿಕೊಳ್ಳುತ್ತದೆ ಎಂಬುದು. ಇದೇ ಮಾಲೀಕರು ಬಿಲ್ಲಿನ ಮಾದರಿ ಕೇಳಿದಾಗ ಅದು ಗಿರಾಕಿಯ ಮೇಲೆ ಶೇ 5 ತೆರಿಗೆ ಸೇರಿಸಿ ಕೊಟ್ಟಿತು. ಅವರು ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗಿರುವ ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದಾರೆ, ಆ ಸ್ಕೀಮ್‌ನವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ, ವಹಿವಾಟಿನ ಮೇಲೆ ತಾವೇ ಕಟ್ಟಬೇಕು. ಎಐ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ತೆರಿಗೆ, ಕಾನೂನಿನ ವಿಷಯವಾದರೆ ಗೊತ್ತಿದ್ದವರಿಗೆ ತೋರಿಸಿ. ಗಿರಾಕಿಗಳ ಫೋನ್ ನಂಬರ್, ಆಧಾರ್, ಬ್ಯಾಂಕ್ ವಿವರ ಸುಮ್ನೆ ಅದರೊಳಗೆ ಹಾಕಬೇಡಿ.

ಆಗಲೇ ಫೀಸು ಕಟ್ಟಿದವರಿದ್ದರೆ ನಾಚಿಕೆ ಬೇಡ. ಮಧ್ಯಾಹ್ನ ಗಿರಾಕಿ ಕಮ್ಮಿಯಾದ ಮೇಲೆ ಫೋನ್ ಹಿಡಿದು ಬನ್ನಿ, ನಿಮ್ಮ ಮೆನುವಿನಿಂದಲೇ ಶುರು ಮಾಡೋಣ.