ಕ್ಯಾಮೆರಾಗೆ ಮಾತ್ರ ಜೀವದಾನ

ಒಂದು ಕೊಲೆ ಮಾಡಿದವನಿಗೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. 52 ಮಾಡಿದರೆ, ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್ಬಾಲ್ ಫೈನಲ್ ಪಂದ್ಯ ಮುಗಿದ ಬೆನ್ನಿಗೇ, ಅಮೆರಿಕಕ್ಕೆ ಅಮೆರಿಕವೇ ಟಿವಿ ಮುಂದೆ ಕೂತಿರುವ ಹೊತ್ತಿನಲ್ಲಿ, ಜೈಲಿನಿಂದ ನೇರಪ್ರಸಾರದ ಸಂದರ್ಶನ. 1994ರಲ್ಲಿ ಆಲಿವರ್ ಸ್ಟೋನ್ ತೆಗೆದ ‘ನ್ಯಾಚುರಲ್ ಬಾರ್ನ್ ಕಿಲ್ಲರ್ಸ್’ ಚಿತ್ರದ ದರಪಟ್ಟಿ ಇದು. ಮಿಕಿ, ಮ್ಯಾಲರಿ ಎಂಬ ಗಂಡ-ಹೆಂಡತಿ ಹೆದ್ದಾರಿ ಹಿಡಿದು ಸಿಕ್ಕಸಿಕ್ಕವರನ್ನು ಕೊಲ್ಲುತ್ತಾ ಹೋಗುತ್ತಾರೆ. ಕೊಂದಲ್ಲೆಲ್ಲ ಒಬ್ಬರನ್ನು ಉಳಿಸುವುದು ಅವರ ಪದ್ಧತಿ. ಕರುಣೆ ಉಕ್ಕಿ ಬಂದು ಅಲ್ಲ, ಸುದ್ದಿ ಮುಟ್ಟಿಸುವುದಕ್ಕೆ ಒಬ್ಬರಾದರೂ ಬೇಕಲ್ಲ! ಪ್ರಚಾರದವನಿಗೆ ಸಂಬಳ ಕೊಡುವ ಗೊಡವೆಯೇ ಇಲ್ಲ.

ಆದರೆ ಇವರಿಬ್ಬರಿಗಿಂತ ದೊಡ್ಡ ಕಲಾವಿದ ವೇಯ್ನ್ ಗೇಲ್. ‘ಅಮೆರಿಕನ್ ಮೇನಿಯಾಕ್ಸ್’ ಎಂಬ ಟಿವಿ ಕಾರ್ಯಕ್ರಮದ ನಿರೂಪಕ, ಜೈಲಿನ ಆ ಸಂದರ್ಶನ ಮಾಡುವವನೂ ಇವನೇ. ಪಾತ್ರ ಮಾಡಿದವರು ರಾಬರ್ಟ್ ಡೌನಿ ಜೂನಿಯರ್. ಹೆಣ ಬಿದ್ದ ಜಾಗದಲ್ಲಿ ನಿಂತು ದನಿ ನಡುಗಿಸುತ್ತಾನೆ. ಬಾಡಿಗೆ ನಟರನ್ನಿಟ್ಟು ಕೊಲೆಯನ್ನು ಮತ್ತೊಮ್ಮೆ ಮಾಡಿಸುತ್ತಾನೆ. ಹಳೇ ದೃಶ್ಯವನ್ನೇ ಮತ್ತೆ ತುರುಕುತ್ತೀಯಲ್ಲ ಎಂದು ಎಡಿಟಿಂಗ್ ಕೋಣೆಯಲ್ಲಿ ಜೊತೆಯವರು ಗೊಣಗಿದರೆ, ನೋಡುವ ಪೆದ್ದರಿಗೆ ಏನು ನೆನಪಿರುತ್ತದೆ ಬಿಡಿ ಎನ್ನುತ್ತಾನೆ. ಎಂಟು ಸೆಕೆಂಡಿನ ಸಿಸಿಟಿವಿ ತುಣುಕಿಗೆ ಕೆಂಪು ವೃತ್ತ, ಬಾಣದ ಗುರುತು ಹಾಕಿ ಬೆಳಗಿನಿಂದ ಸಂಜೆಯವರೆಗೆ ತಿರುಗಿಸುವ ವಿದ್ಯೆ ನಮ್ಮವರೇ ಕಂಡುಹಿಡಿದದ್ದು ಎಂದು ನಾವು ಸುಮ್ಮನೆ ಬೀಗುತ್ತಿದ್ದೆವು.

ಚಿತ್ರದಲ್ಲಿ ನನಗೆ ನಿಜಕ್ಕೂ ಮೈ ನಡುಗಿಸಿದ ಭಾಗದಲ್ಲಿ ಗುಂಡಿನ ಸದ್ದು ಇಲ್ಲ. ಮ್ಯಾಲರಿಯ ತವರುಮನೆಯ ದೃಶ್ಯವನ್ನು ಹಾಸ್ಯ ಧಾರಾವಾಹಿಯ ಹಾಗೆ ತೆಗೆದಿದ್ದಾರೆ. ಅಪ್ಪನ ಪಾತ್ರಕ್ಕೆ ಹೆಸರಾಂತ ಹಾಸ್ಯನಟ ರಾಡ್ನಿ ಡೇಂಜರ್‌ಫೀಲ್ಡ್. ಬನಿಯನ್ ತೊಟ್ಟು ಕೂತ ಈ ಅಪ್ಪ ಹೆಂಡತಿಯನ್ನು ಗದರುತ್ತಾನೆ, ಮಗಳ ಮೇಲೆ ಕೈ ಹಾಕುತ್ತಾನೆ, ಬಾಯಿಗೆ ಬಂದದ್ದು ಆಡುತ್ತಾನೆ. ಪ್ರತಿ ಮಾತಿಗೂ ಹಿಂದಿನಿಂದ ರೆಕಾರ್ಡ್ ಮಾಡಿದ ನಗು ಹೊಮ್ಮುತ್ತದೆ. ಅಷ್ಟರಲ್ಲಿ ರಕ್ತ ತೊಟ್ಟಿಕ್ಕುವ ಮಾಂಸದ ಚೀಲ ಹಿಡಿದು ಮಿಕಿ ಬಾಗಿಲಲ್ಲಿ ನಿಂತರೆ, ಸಿಳ್ಳೆ-ಚಪ್ಪಾಳೆ. ಮನೆಯೊಳಗೆ ನಡೆಯುವ ಅನಾಚಾರಕ್ಕೆ ನಗಬೇಕೋ ಅಳಬೇಕೋ ಎಂಬ ಯೋಚನೆಯನ್ನೂ ಟಿವಿಯೇ ನಮ್ಮ ಪರವಾಗಿ ಮಾಡಿ ಮುಗಿಸಿರುತ್ತದೆ.

ಮಿಕ್ಕ ಕಡೆ ಸ್ಟೋನ್ ಸಾಹೇಬರ ವಿಡಂಬನೆ ಹೆಂಡದಂಗಡಿಯಲ್ಲಿ ಕೂತು ಮಾಡಿದ ಪಾನನಿಷೇಧದ ಭಾಷಣ. ಕೊಲೆಗಾರರ ವೈಭವೀಕರಣ ತಪ್ಪು ಎನ್ನುವವರು ಇಡೀ ಚಿತ್ರದ ಚಂದದ ಹಾಡು, ಚಂದದ ಮಾತು, ಚಂದದ ಬೆಳಕನ್ನೆಲ್ಲ ಕೊಲೆಗಾರ ದಂಪತಿಗೇ ಕೊಟ್ಟಿದ್ದಾರೆ. ಪೊಲೀಸ್ ಅಧಿಕಾರಿ, ಜೈಲು ವಾರ್ಡನ್, ಅಪ್ಪ, ಎಲ್ಲರೂ ಹೇಸಿಗೆಯ ಮನುಷ್ಯರು. ಸತ್ತ 52 ಮಂದಿಯಲ್ಲಿ ಒಬ್ಬರ ಹೆಸರಾದರೂ ನೋಡಿದವರ ನೆನಪಿನಲ್ಲಿದ್ದರೆ ದಯವಿಟ್ಟು ಹೇಳಿ.

ಕೊನೆಗೆ ಜೈಲಿನಲ್ಲಿ ದಂಗೆಯೆದ್ದು ಇಬ್ಬರೂ ಪರಾರಿ. ನೇರಪ್ರಸಾರದ ಅಮಲೇರಿ ತಾನೂ ಬಂದೂಕು ಹಿಡಿದಿದ್ದ ವೇಯ್ನ್‌ನನ್ನು ಕಾಡಿನಲ್ಲಿ ನಿಲ್ಲಿಸಿ ಗುಂಡು ಹೊಡೆಯುತ್ತಾರೆ. ಅವನು ಗೋಗರೆಯುತ್ತಾನೆ: ನೀವು ಯಾವಾಗಲೂ ಒಬ್ಬರನ್ನು ಉಳಿಸುತ್ತೀರಲ್ಲ? ಉಳಿಸಿದ್ದೇವೆ, ನಿನ್ನ ಕ್ಯಾಮೆರಾ ಇದೆಯಲ್ಲ ಎಂಬುದು ಉತ್ತರ.

ಸ್ಟೋನ್ ಇದನ್ನೆಲ್ಲ ಅತಿರೇಕ ಅಂದುಕೊಂಡೇ ತೆಗೆದಿರಬೇಕು, ಪಾಪ. ಚಿತ್ರ ಬಿಡುಗಡೆಗೆ ಎರಡು ತಿಂಗಳಿರುವಾಗ, 1994ರ ಜೂನ್ 17ರಂದು, ಜೋಡಿ ಕೊಲೆ ಆರೋಪ ಹೊತ್ತ ಮಾಜಿ ಅಮೆರಿಕನ್ ಫುಟ್ಬಾಲ್ ತಾರೆ ಓ.ಜೆ. ಸಿಂಪ್ಸನ್ ಬಿಳಿ ಬ್ರಾಂಕೋ ಕಾರಿನಲ್ಲಿ ಲಾಸ್ ಏಂಜಲೀಸಿನ ರಸ್ತೆಗಳಲ್ಲಿ ಹೊರಟ. ಹಿಂದೆ ಪೊಲೀಸ್ ಕಾರುಗಳ ಸಾಲು, ಮೇಲೆ ಚಾನೆಲ್ಲುಗಳ ಹೆಲಿಕಾಪ್ಟರ್. ಎನ್‌ಬಿಸಿ ಚಾನೆಲ್ಲಿನವರು ಬಾಸ್ಕೆಟ್‌ಬಾಲ್ ಫೈನಲ್ಸ್ ಪಂದ್ಯವನ್ನು ಪರದೆಯ ಮೂಲೆಗೆ ತಳ್ಳಿ ಕಾರು ತೋರಿಸಿದರು. ನೋಡಿದವರು ಸುಮಾರು 9.5 ಕೋಟಿ ಜನ. ಮೇಲ್ಸೇತುವೆಗಳ ಮೇಲೆ ‘ಓಡು ಓ.ಜೆ.’ ಎಂದು ಫಲಕ ಹಿಡಿದು ನಿಂತವರಿದ್ದರು. ಚಿತ್ರದಲ್ಲಿ ಅಭಿಮಾನಿಯೊಬ್ಬ ಹಿಡಿದ ಫಲಕದಲ್ಲಿ ‘ಮಿಕಿ, ನನ್ನನ್ನೇ ಕೊಲ್ಲು’ ಎಂದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಲ್ಪನೆ ಯಾವುದು, ವರದಿ ಯಾವುದು ಎಂದು ಹೇಳಲು ಜ್ಯೋತಿಷಿ ಬೇಕು. ಸ್ಟೋನ್ ಬುದ್ಧಿವಂತರು: ಸಿಂಪ್ಸನ್‌ನ ತುಣುಕನ್ನೂ ಚಿತ್ರದ ಕೊನೆಗೆ ಅಂಟಿಸಿಬಿಟ್ಟರು.

ಹಾಗಾದರೆ ಸಮಾಜ ಕೆಡಿಸಿದವರು ಯಾರು? ಸಿನಿಮಾ! ಐರ್ಲೆಂಡ್ ಅದನ್ನು ನಿಷೇಧಿಸಿತು. 1995ರಲ್ಲಿ ಇದೇ ಚಿತ್ರವನ್ನು ಮತ್ತೆ ಮತ್ತೆ ನೋಡಿದ ಹದಿಹರೆಯದ ಜೋಡಿಯೊಂದು ಮಿಸಿಸಿಪ್ಪಿಯಲ್ಲಿ ಒಬ್ಬರನ್ನು ಕೊಂದು, ಲೂಸಿಯಾನಾದಲ್ಲಿ ಅಂಗಡಿಯ ಹೆಂಗಸಿಗೆ ಗುಂಡು ಹೊಡೆದು ಆಕೆಯ ಮೈ ಸ್ವಾಧೀನ ತಪ್ಪಿಸಿತು. ಸತ್ತವರ ಪರಿಚಯವಿದ್ದ ಕಾದಂಬರಿಕಾರ ಜಾನ್ ಗ್ರಿಶಮ್, ಕಳಪೆ ಸರಕು ಮಾರಿದ ಕಂಪನಿಯ ಮೇಲೆ ಹೂಡುವ ಹಾಗೆ ಚಿತ್ರದವರ ಮೇಲೂ ದಾವೆ ಹೂಡಬೇಕೆಂದು ಬರೆದರು. ಗಾಯಗೊಂಡಾಕೆ ಹೂಡಿದ ದಾವೆ ವರ್ಷಗಟ್ಟಲೆ ಎಳೆದು 2001ರಲ್ಲಿ ವಜಾ ಆಯಿತು. ಆಕೆಯ ನೋವನ್ನು ಹಾಸ್ಯ ಮಾಡುವಂತಿಲ್ಲ, ಮಾಡುವುದೂ ಇಲ್ಲ. ನನಗೆ ನಗು ಬರುವುದು ಆರೋಪಿಗಳ ಪಟ್ಟಿ ನೋಡಿದಾಗ: ನಿರ್ದೇಶಕ ಇದ್ದಾನೆ, ಸ್ಟುಡಿಯೊ ಇದೆ, ಹೆಲಿಕಾಪ್ಟರ್ ಹಾರಿಸಿದವರು ಮಾತ್ರ ಆ ಹೊತ್ತಿಗೆ ಕೋರ್ಟಿನ ಹೊರಗೆ ಮೈಕ್ ಹಿಡಿದು ನಿಂತಿರುತ್ತಾರೆ.

ಇಲ್ಲಿ ನಮಗೆ ಸಿನಿಮಾದವರ ಕಲ್ಪನೆಯ ಸಾಲ ಬೇಕಿಲ್ಲ. 2024ರಲ್ಲಿ ಕೊಲೆ ಆರೋಪದ ಮೇಲೆ ಪರಪ್ಪನ ಅಗ್ರಹಾರ ಸೇರಿದ ನಟರೊಬ್ಬರಿಗೆ ಅಲ್ಲಿ ಸಿಕ್ಕ ಸಂಖ್ಯೆ 6106. ಆರೋಪ ನಿಜವೋ ಸುಳ್ಳೋ ಕೋರ್ಟು ಹೇಳುತ್ತದೆ. ನಿದ್ದೆ ಬಂತೇ, ಮುದ್ದೆ ತಿಂದರೇ ಎಂಬುದನ್ನು ಮಾತ್ರ ಚಾನೆಲ್ಲುಗಳು ಕೋರ್ಟಿಗೆ ಬಿಡಲಿಲ್ಲ. ಸಂಖ್ಯೆ ಗಾಡಿಗಳ ಮೇಲೆ ಸ್ಟಿಕರ್ ಆಯಿತು, ಮೈಮೇಲೆ ಹಚ್ಚೆ ಆಯಿತು, ಕೊನೆಗೆ ಹಸುಗೂಸೊಂದಕ್ಕೆ ಕೈದಿಯ ಬಟ್ಟೆ ತೊಡಿಸಿ ಅದೇ ನಂಬರ್ ಹಾಕಿ ಫೋಟೋ ತೆಗೆಸಿದರು. ಆ ಫೋಟೋ ನೋಡಿ ಟಿವಿಯವರಿಗೆ ಹೊಟ್ಟೆ ಉರಿದುಹೋಯಿತು. ಎಷ್ಟು ಉರಿಯಿತೆಂದರೆ, ‘ಇದೆಂಥಾ ಹುಚ್ಚು ಅಭಿಮಾನ’ ಎಂದು ಕೇಳಿ ಕೇಳಿ ಅದನ್ನೇ ತೋರಿಸಿದರು, ನಡುನಡುವೆ ಸೋಪಿನ ಜಾಹೀರಾತಿಗೆ ಒಂದಿಷ್ಟು ಬಿಡುವು ಕೊಟ್ಟು.