ನಿಶ್ಚಿತಾರ್ಥಕ್ಕೆ ಸೊದಾದೆ

ನಿನ್ನೆ ತಮ್ಮನ ಮಗನ ನಿಶ್ಚಿತಾರ್ಥ. ಜಯನಗರದಲ್ಲಿ ಒಂದು ಹಾಲ್. ಊಟ ಚೆನ್ನಾಗಿತ್ತು. ಹುಡುಗಿ ಇನ್ನೂ ಚೆನ್ನಾಗಿದ್ದಾಳೆ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಒಂದು ಹಾಡಿನ ಬಗ್ಗೆ.

ಶಾಸ್ತ್ರ ಎಲ್ಲ ಮುಗಿದು ಹುಡುಗ ಹುಡುಗಿ ಕೈ ಹಿಡಿದುಕೊಂಡು ಸ್ಟೇಜಿಗೆ ನಡೆದು ಬರುವ ಹೊತ್ತು. ಈಗೆಲ್ಲ ಅದಕ್ಕೆ ಹೊಗೆ ಬಿಡ್ತಾರಲ್ಲ, ಬಿಟ್ಟರು. ಗಿಟಾರ್ ಶುರುವಾಯಿತು. ಆಮೇಲೆ ಆ ದನಿ. ನನ್ನ ಕೈಯಲ್ಲಿದ್ದ ಬಾದಾಮಿ ಹಾಲು ಅರ್ಧ ಸೀರೆ ಮೇಲೆ ಹೋಯಿತು. ಸೆಝಾರಿಯಾ ಎವೊರಾ! ಅದೂ ಸೊದಾದೆ! ಜಯನಗರದಲ್ಲಿ!

ಖುಷಿ ತಡೆಯಲಾಗಲಿಲ್ಲ. ಇಷ್ಟು ವರ್ಷ ಈ ಹೆಂಗಸಿನ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ಹೋಗುತ್ತಿದ್ದರು. ನೇರ ಹೋಗಿ ಆ ಡಿಜೆ ಹುಡುಗನ ಹತ್ತಿರ ನಿಂತೆ.

"ಮರಿ, ಈ ಹಾಡು ಎಲ್ಲಿ ಸಿಕ್ಕಿತು ನಿನಗೆ?"

"ಎಂಟ್ರಿ ವೈಬ್ಸ್ ಅಂತ ಲಿಸ್ಟ್ ಇದೆ, ಅದರಲ್ಲಿತ್ತು."

"ಹಾಡಿದ್ದು ಯಾರು ಗೊತ್ತಾ?"

"ಯಾರೋ ಆಫ್ರಿಕನ್ ಆಂಟಿ."

ಆ ಕೊನೆಯ ಆಂಟಿ ನನಗೋ ಹಾಡಿದವಳಿಗೋ ಅಂತ ಇನ್ನೂ ಗೊತ್ತಾಗಿಲ್ಲ.

"ವರ್ಲ್ಡ್ ಮ್ಯೂಸಿಕ್ ಅದು. ವೈಬ್ ಸೂಪರ್ ಅಲ್ವಾ?" ಅಂದ. ಸೂಪರ್ ಕಣಪ್ಪ. ನೀನು ಮದುವೆಯಾಗುವ ಹುಡುಗ ಹುಡುಗಿಗೆ ಹಾಕಿದ್ದು ಊರು ಬಿಟ್ಟು ಕೂಲಿಗೆ ಹೋಗುವವರ ಹಾಡು ಅಂತ ಹೇಳಬೇಕೆನಿಸಿತು. ಅಷ್ಟರಲ್ಲಿ ಫೋಟೋಗೆ ಕರೆದರು. ಒದ್ದೆ ಸೀರೆಯಲ್ಲೇ ಹೋಗಿ ಹಲ್ಲು ಕಿರಿದೆ.

ಆದ್ದರಿಂದ ಅವನಿಗೆ ಹೇಳಬೇಕಿದ್ದದ್ದನ್ನು ನಿಮಗೆ ಹೇಳ್ತಿದ್ದೇನೆ. ಓದಲೇಬೇಕು ಅಂತೇನಿಲ್ಲ. ಆದರೆ ಓದದೆ ಲೈಕ್ ಒತ್ತುವವರು ಯಾರು ಅಂತ ನನಗೆ ಗೊತ್ತು.

ಆಫ್ರಿಕಾದ ಪಶ್ಚಿಮಕ್ಕೆ, ಸೆನೆಗಲ್ ದಡದಿಂದ ಐನೂರು ಕಿಲೋಮೀಟರಿಗೂ ಆಚೆ, ಅಟ್ಲಾಂಟಿಕ್ ನಡುವೆ ಹತ್ತು ದ್ವೀಪಗಳಿವೆ. ಅದು ಕೇಪ್ ವರ್ಡ್. 1975ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಹೆಸರಿನಲ್ಲಿ ಮಾತ್ರ ಹಸಿರು, ಮಳೆ ಕಡಿಮೆ, ಬರ ಜಾಸ್ತಿ. 1940ರ ದಶಕದ ಬರಗಾಲಗಳಲ್ಲಿ ಸಾವಿರಾರು ಜನ ಸತ್ತರು. ಬದುಕಿದ್ದವರಿಗೆ ಇದ್ದ ದಾರಿ ಅಂದರೆ ಹಡಗು ಹತ್ತುವುದು. ಎಲ್ಲಿಗೆ? ದಕ್ಷಿಣಕ್ಕೆ, ಪೋರ್ಚುಗೀಸರದ್ದೇ ಇನ್ನೊಂದು ದ್ವೀಪ ಸಾವೊ ತೊಮೆಗೆ. ಅಲ್ಲಿ ಕೋಕೋ ಮತ್ತು ಕಾಫಿ ತೋಟಗಳಲ್ಲಿ ಕಾಂಟ್ರಾಕ್ಟ್ ಕೂಲಿ. ಹೋದವರಲ್ಲಿ ಎಷ್ಟೋ ಜನ ತಿರುಗಿ ಬರಲಿಲ್ಲ. ಸೊದಾದೆ ಅಂದರೆ ದೂರವಾದದ್ದರ ಹಂಬಲ. ಆ ದೂರದ ದಾರಿಯನ್ನು ನಿನಗೆ ಯಾರು ತೋರಿಸಿದರು ಅಂತ ಕೇಳುವ ಹಾಡು ಇದು. ಇದಕ್ಕೆ ನಾವು ಹೊಗೆ ಬಿಟ್ಟೆವು.

ಇನ್ನು ಆ 'ಆಫ್ರಿಕನ್ ಆಂಟಿ'. 1941ರಲ್ಲಿ ಮಿಂದೆಲೊ ಅನ್ನುವ ಬಂದರು ಊರಿನಲ್ಲಿ ಹುಟ್ಟಿದವಳು. ಚಿಕ್ಕವಳಿದ್ದಾಗಲೇ ಅಪ್ಪ ಹೋದ. ಅನಾಥಾಲಯದಲ್ಲೂ ಸ್ವಲ್ಪ ಕಾಲ ಇದ್ದಳು. ಹದಿಹರೆಯದಲ್ಲೇ ಮಿಂದೆಲೊದ ಬಾರುಗಳಲ್ಲಿ, ನಾವಿಕರ ಎದುರು ಹಾಡು. ಹಾಡಿದ್ದು ಮೊರ್ನಾ. ಅದು ಆ ದ್ವೀಪಗಳದ್ದೇ ನಿಧಾನದ ಹಾಡು, ಗಿಟಾರ್ ಜೊತೆಗೆ ಹೇಳುವಂಥದ್ದು. ಆಮೇಲೆ ಹತ್ತು ವರ್ಷ ಹಾಡುವುದನ್ನೇ ಬಿಟ್ಟುಬಿಟ್ಟಳು. ಹೊಟ್ಟೆ ತುಂಬುತ್ತಿರಲಿಲ್ಲ, ಅದಕ್ಕೆ. ಮೊದಲ ಆಲ್ಬಮ್ ಪ್ಯಾರಿಸ್‌ನಲ್ಲಿ 1988ರಲ್ಲಿ ಬಂತು. ಸೊದಾದೆ ಇರುವ 'ಮಿಸ್ ಪರ್ಫುಮಾದೊ' ಬಂದಿದ್ದು 1992ರಲ್ಲಿ. ಆಗ ಅವಳಿಗೆ 51! ನಮ್ಮಲ್ಲಿ 51ಕ್ಕೆ ವಿಆರ್‌ಎಸ್ ಲೆಕ್ಕ ಹಾಕುತ್ತಾ ಕೂರುತ್ತಾರೆ. (ನಾನೂ ಕೂತಿದ್ದೆ.) ದೊಡ್ಡ ದೊಡ್ಡ ಹಾಲುಗಳಲ್ಲಿ ಬರಿಗಾಲಲ್ಲಿ ನಿಂತು ಹಾಡಿದಳು. ಸುಸ್ತಾದರೆ ಸ್ಟೇಜ್ ಮೇಲೇ ಕುರ್ಚಿಯಲ್ಲಿ ಕೂತು ಸಿಗರೇಟ್ ಹಚ್ಚುತ್ತಿದ್ದಳು, ವಾದ್ಯದವರು ನುಡಿಸುತ್ತಿದ್ದರು. 2004ರಲ್ಲಿ ಗ್ರ್ಯಾಮಿ. 2011ರ ಡಿಸೆಂಬರ್‌ನಲ್ಲಿ ತೀರಿಕೊಂಡಳು. ಅವಳ ದ್ವೀಪದ ವಿಮಾನ ನಿಲ್ದಾಣಕ್ಕೆ ಈಗ ಅವಳದ್ದೇ ಹೆಸರು. ಅಲ್ಲಿನ 2000 ಎಸ್ಕುದೊ ನೋಟಿನ ಮೇಲೆ ಅವಳದ್ದೇ ಮುಖ. ಮೂವತ್ತು ವರ್ಷ ನೋಟು ಎಣಿಸಿದವಳು ಹೇಳ್ತಿದ್ದೇನೆ, ನೋಟಿನ ಮೇಲೆ ಹಾಡುವವಳನ್ನು ಹಾಕುವ ದೇಶಕ್ಕೆ ನನ್ನ ಒಂದು ನಮಸ್ಕಾರ.

ಅಲ್ಲಿ ನೋಟಿನ ಮೇಲೆ ಮುಖ. ಇಲ್ಲಿ 'ಯಾರೋ'.

ಈ 'ವರ್ಲ್ಡ್ ಮ್ಯೂಸಿಕ್' ಅನ್ನುವ ಪದ ಎಲ್ಲಿಂದ ಬಂತು ಗೊತ್ತಾ? 1987ರಲ್ಲಿ ಲಂಡನ್‌ನ ಒಂದು ಪಬ್‌ನಲ್ಲಿ ಸಣ್ಣ ಪುಟ್ಟ ರೆಕಾರ್ಡ್ ಕಂಪನಿಯವರು ಕೂತು ಮಾತಾಡಿದರು. ಮಾಲಿಯದ್ದು, ಬಲ್ಗೇರಿಯದ್ದು, ಪಾಕಿಸ್ತಾನದ್ದು, ಯಾವ ಹಾಡನ್ನೂ ಅಂಗಡಿಯವರು ಎಲ್ಲಿಡಬೇಕು ಅಂತ ತಿಳಿಯದೆ ಮೂಲೆಗೆ ತಳ್ಳುತ್ತಿದ್ದರು. ಒಂದು ಗೂಡು ಬೇಕಿತ್ತು. ಗೂಡಿಗೆ ಒಂದು ಬೋರ್ಡ್ ಬೇಕಿತ್ತು. ಅಷ್ಟೇ. ದಿನಸಿ ಅಂಗಡಿಯಲ್ಲಿ 'ಇತರೆ' ಅಂತ ಡಬ್ಬಕ್ಕೆ ಚೀಟಿ ಅಂಟಿಸಿದ ಹಾಗೆ. ಅವರನ್ನು ನಾನು ಬೈಯುವುದಿಲ್ಲ, ಅವರು ಡಬ್ಬದ ಒಳಗೆ ಹೆಸರು ಬರೆದೇ ಇಟ್ಟಿದ್ದರು. ನಾವು ಚೀಟಿ ಇಟ್ಟುಕೊಂಡು ಹೆಸರು ಬಿಸಾಕಿದೆವು. 2020ರಲ್ಲಿ ಗ್ರ್ಯಾಮಿಯವರಿಗೇ ನಾಚಿಕೆಯಾಗಿ 'ವರ್ಲ್ಡ್' ತೆಗೆದು 'ಗ್ಲೋಬಲ್' ಅಂತ ಮಾಡಿದರು. ಡಬ್ಬ ಅದೇ, ಚೀಟಿ ಹೊಸದು.

ಈಗ ಒಂದು ತಪ್ಪೊಪ್ಪಿಗೆ. ಇಷ್ಟೆಲ್ಲ ಹಾರಾಡುವ ನಾನು ಏನು ಮಾಡಿದ್ದೆ ಗೊತ್ತಾ?

1998ರಲ್ಲಿ ನನಗೆ ಪಣಜಿಗೆ ವರ್ಗವಾಗಿತ್ತಲ್ಲ. ಆ ವರ್ಷದ ಗೋಳು ಆಗಲೇ ನಿಮಗೆಲ್ಲ ಹೇಳಿ ಹೇಳಿ ಸಾಕು ಮಾಡಿದ್ದೇನೆ. ಅಲ್ಲಿ ಪೆನ್ಷನ್ನಿಗೆ ಬರುತ್ತಿದ್ದ ಒಬ್ಬರು ವಯಸ್ಸಾದ ಗೋವಾದವರು ಒಂದು ಕ್ಯಾಸೆಟ್ ಕೊಟ್ಟರು. ಮನೆಯಲ್ಲೇ ಕಾಪಿ ಮಾಡಿದ್ದು, ಮೇಲೆ ಏನೂ ಬರೆದಿರಲಿಲ್ಲ. ನಾನೇ ಪೆನ್ನಲ್ಲಿ 'ಪೋರ್ಚುಗೀಸ್ ಲೇಡಿ' ಅಂತ ಬರೆದಿಟ್ಟೆ. ಹಾಡಿದವರು ಯಾರು ಅಂತ ಅವರನ್ನು ಕೇಳಲಿಲ್ಲ. ಕೌಂಟರಿನಾಚೆ ಪ್ರತಿ ತಿಂಗಳು ಬರುತ್ತಿದ್ದರು, ಒಂದು ಮಾತು ಕೇಳಬಹುದಿತ್ತು.

ಇಷ್ಟಕ್ಕೇ ನಿಂತಿದ್ದರೆ ಪರವಾಗಿಲ್ಲ. ಎಲ್ಲೋ 'ಫಾದೊ' ಅಂತ ಒಂದು ಪದ ಓದಿದೆ, ಪೋರ್ಚುಗಲ್‌ನ ಒಂದು ಬಗೆಯ ಹಾಡಿನ ಹೆಸರು. ಮುಗಿಯಿತು. ಮುಂದಿನ ಒಂಬತ್ತು ವರ್ಷ ಮನೆಗೆ ಬಂದವರಿಗೆಲ್ಲ ಆ ಕ್ಯಾಸೆಟ್ ಹಾಕಿ, "ಇದು ಫಾದೊ, ಲಿಸ್ಬನ್‌ನದ್ದು" ಅಂತ ಪಾಠ ಮಾಡಿದೆ. ಅದು ಫಾದೊ ಅಲ್ಲ. ಲಿಸ್ಬನ್‌ನದ್ದಲ್ಲ. ಪೋರ್ಚುಗೀಸ್ ಭಾಷೆಯೂ ಅಲ್ಲ, ದ್ವೀಪದವರ ಕ್ರಿಯೋಲ್, ಅಂದರೆ ಪೋರ್ಚುಗೀಸ್ ಮತ್ತು ಆಫ್ರಿಕದ ಭಾಷೆಗಳು ಬೆರೆತು ಆದ ಮಾತು. ಆಳಿದವರ ಹೆಸರನ್ನು ಆಳಿಸಿಕೊಂಡವರ ಹಾಡಿಗೆ ಅಂಟಿಸಿ, ಜಾಣೆ ಅನ್ನಿಸಿಕೊಂಡಿದ್ದೆ. 2007ರಲ್ಲಿ ಇಂಟರ್ನೆಟ್‌ನಲ್ಲಿ ಹುಡುಕಿ ನಿಜ ತಿಳಿದಾಗ ಆ ಪಾಠ ಕೇಳಿದವರಿಗೆಲ್ಲ ಫೋನ್ ಮಾಡಿ ಹೇಳಬೇಕು ಅನ್ನಿಸಿತು. ಮಾಡಲಿಲ್ಲ. ಇದೇ ಫೋನ್ ಅಂದುಕೊಳ್ಳಿ.

ಇದಕ್ಕಿಂತ ದೊಡ್ಡ ತಮಾಷೆ ಕೇಳಿ. ಈ ಹಾಡನ್ನು ಕಟ್ಟಿದವನು ಸಾವೊ ನಿಕೊಲಾವ್ ದ್ವೀಪದ ಅರ್ಮಾಂದೊ ಝೆಫೆರಿನೊ ಸೊವಾರೆಸ್. 1950ರ ದಶಕದಲ್ಲಿ, ಊರಿನವರು ಸಾವೊ ತೊಮೆಗೆ ಹಡಗು ಹತ್ತುವಾಗ ಅವರನ್ನು ಬೀಳ್ಕೊಡಲು ಕಟ್ಟಿದ ಹಾಡು. ಜಗತ್ತೆಲ್ಲ ಹಾಡಿತು. ಆದರೆ ರೆಕಾರ್ಡಿನ ಮೇಲೆ ಬರೆದದ್ದು ಬೇರೆಯವರ ಹೆಸರು! ವರ್ಷಗಟ್ಟಲೆ ಜಗಳವಾಗಿ, 2006ರಲ್ಲಿ ಅವನದ್ದೇ ಅಂತ ತೀರ್ಮಾನವಾಯಿತು. ಮರುವರ್ಷ ಅವನು ತೀರಿಹೋದ. ಸಾಯುವ ಮೊದಲು ತನ್ನ ಹಾಡಿನ ಪಕ್ಕ ತನ್ನ ಹೆಸರು ನೋಡಬೇಕು ಅಂತ ಒಬ್ಬ ಮನುಷ್ಯ ಅಷ್ಟು ವರ್ಷ ಕಾದ. ನಮ್ಮ ಹುಡುಗನಿಗೆ ಅದು ಎಂಟ್ರಿ ವೈಬ್ಸ್.

ಈಗ ಕಾಮೆಂಟಿನಲ್ಲಿ ಯಾರಾದರೂ ಬಂದೇ ಬರ್ತಾರೆ. "ಮೇಡಂ, ಸಂಗೀತಕ್ಕೆ ಭಾಷೆ ಇಲ್ಲ, ಗಡಿ ಇಲ್ಲ, ಸುಮ್ನೆ ಕೇಳಿ ಖುಷಿಪಡಿ." ಒಪ್ಪಿದೆ ಸ್ವಾಮಿ. ಸಂಗೀತಕ್ಕೆ ಭಾಷೆ ಬೇಡ. ಹಾಡಿದವಳಿಗೆ ಹೆಸರೂ ಬೇಡವಾ? ನಿಮ್ಮ ಮಗಳು ಅಪಾರ್ಟ್‌ಮೆಂಟ್ ಗಣೇಶೋತ್ಸವದಲ್ಲಿ ಹಾಡಿದಾಗ ಮೈಕಲ್ಲಿ ಹೆಸರು ತಪ್ಪು ಹೇಳಿದರು ಅಂತ ಕಮಿಟಿಯವರ ಮೇಲೆ ಎಗರಿದ್ದು ಯಾರು? ಗಡಿ ಇಲ್ಲ ಅನ್ನುವ ಮಾತೆಲ್ಲ ದೂರದವರಿಗೆ.

ಇನ್ನೊಬ್ಬರು ಜಾನಪದ ತರ್ತಾರೆ. "ನಮ್ಮ ಬೀಸುವ ಪದ, ಸೋಬಾನೆ ಪದ, ಯಾವುದಕ್ಕೆ ಹೆಸರಿದೆ?" ಇದಕ್ಕೆ ಸ್ವಲ್ಪ ಯೋಚಿಸಬೇಕಾಯಿತು, ಸುಳ್ಳು ಹೇಳುವುದಿಲ್ಲ. ಕಟ್ಟಿದವರು ಯಾರು ಅಂತ ಗೊತ್ತಿಲ್ಲ, ನಿಜ. ಆದರೆ ನಮ್ಮಜ್ಜಿ ಒಂದು ಪದ ಹೇಳುವ ಮೊದಲು, ಇದು ಇಂಥ ಮನೆಯ ಇಂಥವಳಿಂದ ಕಲಿತದ್ದು ಅಂತ ಹೇಳಿಯೇ ಶುರು ಮಾಡುತ್ತಿದ್ದಳು. ಮತ್ತೆ ನಾವು ಅಂಕಿತದ ಜನ ಮಾರಾಯರೇ! ಕೊನೆಯ ಸಾಲಿನಲ್ಲಿ ಪುರಂದರ ವಿಠಲ ಬಂದರೆ ಯಾರು, ಕಾಗಿನೆಲೆಯಾದಿಕೇಶವ ಬಂದರೆ ಯಾರು, ಚೆನ್ನಮಲ್ಲಿಕಾರ್ಜುನ ಬಂದರೆ ಯಾರು ಅಂತ ಭಜನೆಗೆ ಬರುವ ಮಕ್ಕಳೂ ಹೇಳ್ತಾರೆ. ಹಾಡಿನ ಹೊಟ್ಟೆಯೊಳಗೇ ವಿಳಾಸ ಹೊಲಿದು ಕಳಿಸಿದವರು ನಾವು. ನಾವೇ ಈಗ 'ಯಾರೋ' ಅಂತೀವಿ.

ತಿರುಗಿಸಿ ನೋಡಿ. 1983ರಲ್ಲಿ ಮ್ಯೂನಿಕ್‌ನ ಇಸಿಎಂ ಕಂಪನಿ 'ಜ್ಯೋತಿ' ಅಂತ ಒಂದು ರೆಕಾರ್ಡ್ ತಂದಿತು. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಹಾಡುಗಾರಿಕೆ. ಯುರೋಪಿನಲ್ಲಿ ಹುಡುಕಿ ಕೇಳುವವರಿದ್ದಾರೆ. ಅಲ್ಲೆಲ್ಲೋ ಒಂದು ಮದುವೆಯಲ್ಲಿ ರಮಾಮಣಿಯವರ ದನಿ ಹಾಕಿ, "ಯಾರೋ ಇಂಡಿಯನ್ ಆಂಟಿ" ಅಂದರೆ ನಮಗೆ ಹೇಗಾಗುತ್ತದೆ? ಅದಿರಲಿ. ಇಲ್ಲಿ ಎಷ್ಟು ಜನಕ್ಕೆ ಆ ರೆಕಾರ್ಡ್ ಗೊತ್ತು, ಕೈ ಎತ್ತಿ. ಸರಿ, ಇಳಿಸಿ.

ಹೆಸರು ಗೊತ್ತಾದರೆ ಏನು ಸಿಗುತ್ತದೆ ಅಂತ ಕೇಳ್ತೀರಾ? ದಾರಿ ಸಿಗುತ್ತದೆ. ಸೊದಾದೆ ಅಂತ ಹುಡುಕಿದಾಗ ಸೆಝಾರಿಯಾಗಿಂತ ಮೊದಲೇ, 1974ರಲ್ಲಿ ಅದನ್ನು ಹಾಡಿದ್ದ ಅಂಗೋಲದ ಬೊಂಗಾ ಸಿಕ್ಕ. ಅವನು ಪೋರ್ಚುಗಲ್ ಪರವಾಗಿ ಓಡುತ್ತಿದ್ದ ಓಟಗಾರ, 400 ಮೀಟರ್ ದಾಖಲೆ ಅವನದ್ದೇ ಇತ್ತು. ಅಂಗೋಲದ ಸ್ವಾತಂತ್ರ್ಯ ಹೋರಾಟಕ್ಕೆ ಗುಟ್ಟಾಗಿ ಸಹಾಯ ಮಾಡಿ, ಕೊನೆಗೆ ರೋಟರ್‌ಡ್ಯಾಮ್‌ಗೆ ಓಡಿ ಹೋಗಿ ಅಲ್ಲಿ ಮೊದಲ ರೆಕಾರ್ಡ್ ಮಾಡಿದ. ಗಂಟಲಲ್ಲಿ ಮರಳು ಹಾಕಿಕೊಂಡ ಹಾಗೆ ಹಾಡ್ತಾನೆ. ಅಲ್ಲಿಂದ ಹಾಗೇ ಮಾಲಿಯ ಅಲಿ ಫಾರ್ಕಾ ತೂರೆ. ನೈಜರ್ ನದಿ ದಡದ ನಿಯಾಫುಂಕೆ ಅನ್ನುವ ಊರಿನವನು. ಗ್ರ್ಯಾಮಿ ಬಂದ ಮೇಲೂ ಊರಿಗೆ ಹೋಗಿ ಬೇಸಾಯ ಮಾಡಿದ, ಆಮೇಲೆ ಅದೇ ಊರಿನ ಮೇಯರ್ ಆದ. ಒಂದು ಹೆಸರು ಇನ್ನೊಂದು ಮನೆಯ ಬಾಗಿಲು ತೋರಿಸುತ್ತದೆ. ವೈಬ್ಸ್ ಲಿಸ್ಟ್ ಏನು ತೋರಿಸುತ್ತದೆ? ಇನ್ನೊಂದು ವೈಬ್ಸ್ ಲಿಸ್ಟ್.

ನನಗೆ ಯಾಕಿಷ್ಟು ಸಿಟ್ಟು ಅಂತ ರಾತ್ರಿ ಯಜಮಾನರು ಕೇಳಿದರು. ಹಾಡು ತಾನೇ ಅಂದರು.

ಅಪ್ಪಯ್ಯ 14 ವರ್ಷಕ್ಕೆ ಕುಂದಾಪುರದಿಂದ ಬೊಂಬಾಯಿಗೆ ಹೋದವರು ಅಂತ ನಿಮಗೆ ಗೊತ್ತಿದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆ. ಮೊದಲ ಸಲ ಊರಿಗೆ ಬಂದಿದ್ದು ನಾಲ್ಕು ವರ್ಷ ಬಿಟ್ಟು. ಬೊಂಬಾಯಿಗೆ ಕರೆದುಕೊಂಡು ಹೋದದ್ದು ಪಕ್ಕದ ಮನೆಯವರು. ಅಜ್ಜಿ ಸಾಯುವವರೆಗೂ ಅವರ ಹತ್ತಿರ ಮಾತಾಡಲಿಲ್ಲ. "ನನ್ನ ಮಗನಿಗೆ ದಾರಿ ತೋರಿಸಿದವ" ಅಂತಲೇ ಬೈಯುತ್ತಿದ್ದಳು. ಆ ಹೋಟೆಲಿನಲ್ಲಿ ಅಪ್ಪಯ್ಯನನ್ನು ಹೆಸರು ಹಿಡಿದು ಕರೆದವರು ಇರಲಿಲ್ಲವಂತೆ. ಎಲ್ಲರೂ 'ಏ ಪೋರ್‍ಯಾ', ಅಂದರೆ 'ಏ ಹುಡುಗ' ಅನ್ನುತ್ತಿದ್ದರಂತೆ. ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು.

ಯಜಮಾನರಿಗೆ ಇದನ್ನೆಲ್ಲ ಹೇಳಲಿಲ್ಲ. ಸೀರೆ ನೆನೆಹಾಕುತ್ತಿದ್ದೆ.

ಇವತ್ತು ಬೆಳಿಗ್ಗೆ ತಮ್ಮನಿಂದ ಆ ಡಿಜೆ ಹುಡುಗನ ನಂಬರ್ ತಗೊಂಡು ವಾಟ್ಸಾಪ್‌ನಲ್ಲಿ ಎರಡು ಹೆಸರು ಕಳಿಸಿದೆ. ಹಾಡಿದವಳದ್ದು, ಕಟ್ಟಿದವನದ್ದು. ನೀಲಿ ಟಿಕ್ ಬಂದಿದೆ. ಒಂದು ಹೆಬ್ಬೆರಳು ಕೂಡ ಬಂದಿದೆ. ಮದುವೆಗೆ ಇವನೇ ಡಿಜೆಯಂತೆ, ನೋಡೋಣ.

ಅಂದ ಹಾಗೆ, ಪಣಜಿಯ ಆ ಕ್ಯಾಸೆಟ್ಟು ಇನ್ನೂ ಇದೆ. ಎರಡನೇ ಬದಿಯಲ್ಲಿ, ಕೊನೆಗೆ, ಒಬ್ಬ ಗಂಡಸು ಹಾಡಿದ್ದಾನೆ. ಒಂದೇ ಗಿಟಾರ್, ಮಧ್ಯದಲ್ಲಿ ಎಲ್ಲೋ ನಾಯಿ ಬೊಗಳುತ್ತದೆ. ಇಷ್ಟು ವರ್ಷ ಹುಡುಕಿದ್ದೇನೆ, ಯಾರು ಅಂತ ಸಿಕ್ಕಿಲ್ಲ. ಕೊಟ್ಟವರು ಈಗ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೆಳಗೆ ಮೊದಲ ಕಾಮೆಂಟಿನಲ್ಲಿ ಹಾಕಿದ್ದೇನೆ. ದನಿ ಸ್ವಲ್ಪ ಗರಗರ ಅನ್ನುತ್ತದೆ. ಗೊತ್ತಿದ್ದವರು ಹೇಳಿ. 'ವಾವ್, ಚೆನ್ನಾಗಿದೆ' ಅಂತ ಬರೆಯಬೇಡಿ. ಚೆನ್ನಾಗಿದೆ ಅಂತ ನನಗೆ ಗೊತ್ತು.