ಟೀಚರ್ ಹತ್ತಿರ ತಾಳ್ಮೆ ಸರಿ, ಆಡಳಿತದ ಹತ್ತಿರ ಯಾಕೆ?
ನರ್ಸರಿಯಲ್ಲಿ ಸಿಬ್ಬಂದಿ ಕಡಿಮೆ ಇದ್ದಾಗ ಪೋಷಕರು ತಾಳ್ಮೆ ತಂದುಕೊಳ್ಳಬೇಕು ಅಂತ ಬರೆದಿದ್ದೀರಿ. ಒಪ್ಪುತ್ತೇನೆ, ಆದರೆ ಯಾರ ಹತ್ತಿರ ಅನ್ನೋದನ್ನೂ ಹೇಳಬೇಕಿತ್ತು. ಕಳೆದ ತಿಂಗಳು ಮಗಳನ್ನು ಕರೆತರಲು ಹೋದಾಗ ಅವಳ ಸಾಕ್ಸ್ ಒದ್ದೆಯಾಗಿತ್ತು. ಸಿಟ್ಟು ಬಂತು. ಒಳಗೆ ನೋಡಿದರೆ ಟೀಚರ್ ಸೊಂಟದ ಮೇಲೆ ಅಳುವ ಒಂದು ಮಗು, ಬಟ್ಟೆ ಎಳೆಯುತ್ತಾ ಇನ್ನೊಂದು. ಅವರ ಊಟದ ಡಬ್ಬಿ ಸಂಜೆಯಾದರೂ ತೆರೆದಿರಲಿಲ್ಲ. ಅವರಿಗೆ ಏನು ಹೇಳೋದು? ನಾನೇ ಸಾಕ್ಸ್ ಬದಲಿಸಿದೆ. ಆದರೆ ಜನ ಇಲ್ಲ ಅಂತ ಗೊತ್ತಿದ್ದೂ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಆಡಳಿತದ ಮುಂದೆ ಸುಮ್ನೆ ಇರೋದು ತಾಳ್ಮೆ ಅಲ್ಲ. ಎರಡು ವರ್ಷದ ಮಗು ಒಂದು ಮುಖಕ್ಕೆ ಹೊಂದಿಕೊಳ್ಳಲು ವಾರಗಳೇ ಬೇಕು. ಸಂಬಳ ಸಾಲದೆ ಆ ಟೀಚರ್ ಬಿಟ್ಟು ಹೋದರೆ ಅಳೋದು ಮಗು ಅಲ್ವಾ? ಎಷ್ಟು ಮಕ್ಕಳಿಗೆ ಎಷ್ಟು ಜನ ಸಿಬ್ಬಂದಿ ಇದ್ದಾರೆ ಅಂತ ನಾವು ಕೆಲವು ಪೋಷಕರು ಆಡಳಿತಕ್ಕೆ ಬರೆದು ಕೇಳಿದ್ದೇವೆ.